ರಕ್ತ ತೆಳುವೋ, ಹೆಪ್ಪುಗಟ್ಟುವುದೋ? ಲೂಪಸ್ ಇರುವವರ ರಿಪೋರ್ಟ್ ಓದುವ ಬಗೆ

ಪ್ರಶ್ನೆ: ನನಗೆ 29 ವರ್ಷ, ತೂಕ 58 ಕೆ.ಜಿ. ಲೂಪಸ್ (ರೋಗನಿರೋಧಕ ಶಕ್ತಿ ತನ್ನದೇ ದೇಹದ ಮೇಲೆ ತಿರುಗಿಬೀಳುವ ಕಾಯಿಲೆ) ಇದೆ ಎಂದು ಗೊತ್ತಾಗಿ ಮೂರು ವರ್ಷ ಆಯಿತು. ಹೈಡ್ರಾಕ್ಸಿಕ್ಲೋರೋಕ್ವಿನ್ 200 ಮಿ.ಗ್ರಾಂ. ಮತ್ತು ಕಡಿಮೆ ಡೋಸ್ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದೇನೆ. ಪಿತ್ತಕೋಶದ ಕಲ್ಲಿನ ಆಪರೇಷನ್‌ಗೆ ಮುಂಚೆ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಹೆಪ್ಪುಗಟ್ಟುವ ಸಮಯ ಅಳೆಯುವ ಎರಡು ಟೆಸ್ಟ್‌ಗಳ ಪೈಕಿ ಪಿಟಿ ನಾರ್ಮಲ್, ಆದರೆ ಎಪಿಟಿಟಿ 54 ಸೆಕೆಂಡ್ ಬಂತು; ಲ್ಯಾಬಿನ ಪ್ರಕಾರ 35ರ ಒಳಗಿರಬೇಕಂತೆ. ‘ರಕ್ತ ತೆಳು ಇದೆ, ಕೊಯ್ದರೆ ನಿಲ್ಲುವುದಿಲ್ಲ’ ಎಂದು ಆಪರೇಷನ್ ಮುಂದೂಡಿದರು. ಇನ್ನೊಂದು ಕಡೆ ಹೋದಾಗ ದೊಡ್ಡ ಪ್ಯಾಕೇಜ್ ಮಾಡಿಸಿದರು. ಲೂಪಸ್ ಆಂಟಿಕೊಯಾಗ್ಯುಲೆಂಟ್ ಪಾಸಿಟಿವ್, ಆಂಟಿಕಾರ್ಡಿಯೋಲಿಪಿನ್ ಐಜಿಜಿ 62, ಐಜಿಎಂ 18, ಬೀಟಾ-2 ಗ್ಲೈಕೊಪ್ರೋಟೀನ್ ಐಜಿಜಿ 48, ಪ್ಲೇಟ್‌ಲೆಟ್ 1.18 ಲಕ್ಷ, ಡಿ-ಡೈಮರ್ ಸ್ವಲ್ಪ ಜಾಸ್ತಿ, ಪ್ರೋಟೀನ್ ಎಸ್ ಸ್ವಲ್ಪ ಕಡಿಮೆ, ಹೋಮೋಸಿಸ್ಟೀನ್ 22. ಈಗ ‘ರಕ್ತ ಹೆಪ್ಪುಗಟ್ಟುವ ಅಪಾಯ ಇದೆ’ ಎನ್ನುತ್ತಿದ್ದಾರೆ. ಯಾರನ್ನು ನಂಬಲಿ? ರಕ್ತ ತೆಳುವಾಗಿಸುವ ಮಾತ್ರೆ ಶುರು ಮಾಡಬೇಕೆ? ಮದುವೆಗೆ ಮುಂಚೆ ಒಮ್ಮೆ ವಿಡಿಆರ್‌ಎಲ್ ಪಾಸಿಟಿವ್ ಬಂದು ಮನೆಯಲ್ಲಿ ದೊಡ್ಡ ರಂಪವೇ ಆಗಿತ್ತು; ಅದಕ್ಕೂ ಇದಕ್ಕೂ ಸಂಬಂಧ ಇದೆಯೇ? ಇಲ್ಲಿಯವರೆಗೆ ಗರ್ಭ ನಿಂತಿಲ್ಲ, ಏಕೆಂದರೆ ಕಾಯಿಲೆ ಹತೋಟಿಗೆ ಬರಲಿ ಎಂದು ಎರಡು ವರ್ಷದಿಂದ ಮಾಲಾ-ಡಿ ನುಂಗುತ್ತಿದ್ದೇನೆ. ಮುಂದೆ ಮಗು ಆಗುತ್ತದೆಯೇ?
— ಓದುಗರು, ಹಾಸನ ಜಿಲ್ಲೆ

ಉತ್ತರ: ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ತುರ್ತಾದ ವಿಷಯ ರಿಪೋರ್ಟ್‌ನಲ್ಲಿಲ್ಲ, ಕೊನೆಯಲ್ಲಿ ಮಾತಿಗೆ ಬಂದಂತೆ ಬರೆದ ಆ ಒಂದು ಸಾಲಿನಲ್ಲಿದೆ. ಮಾಲಾ-ಡಿಯಲ್ಲಿ ಈಸ್ಟ್ರೋಜನ್ ಹಾರ್ಮೋನ್ ಇದೆ. ಬೇರೆಯವರಿಗೆ ಅದು ಬಹುಮಟ್ಟಿಗೆ ನಿರಪಾಯವಾದ ಮಾತ್ರೆ. ನಿಮ್ಮಂಥ ರಿಪೋರ್ಟ್ ಇರುವವರಿಗೆ ಅಲ್ಲ. ರಕ್ತನಾಳದಲ್ಲಿ ಹೆಪ್ಪು ಕಟ್ಟುವ ಸಾಧ್ಯತೆಯನ್ನು ಈಸ್ಟ್ರೋಜನ್ ಹೆಚ್ಚಿಸುತ್ತದೆ, ಅದೂ ಈಗಾಗಲೇ ಆ ಕಡೆ ವಾಲಿರುವ ದೇಹದಲ್ಲಿ. ಈ ವಾರವೇ ಸ್ತ್ರೀರೋಗ ತಜ್ಞರನ್ನು ಕಂಡು ಬೇರೆ ವಿಧಾನಕ್ಕೆ ಬದಲಾಯಿಸಿಕೊಳ್ಳಿ. ಕಾಪರ್-ಟಿ ಆಗಬಹುದು, ಹಾರ್ಮೋನ್ ಇರುವ ಐಯುಡಿ ಆಗಬಹುದು, ಪ್ರೊಜೆಸ್ಟಿನ್ ಮಾತ್ರ ಇರುವ ಮಾತ್ರೆಯೂ ಆಗಬಹುದು. ಮೂರು ತಿಂಗಳಿಗೊಮ್ಮೆ ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ‘ಅಂತರಾ’ ಚುಚ್ಚುಮದ್ದು ಮಾತ್ರ ನಿಮ್ಮ ರಿಪೋರ್ಟ್‌ನಲ್ಲಿ ಕಂಡಂಥ ಪ್ರತಿಕಾಯಗಳು (ಆಂಟಿಬಾಡಿ) ಇರುವವರಿಗೆ ಒಳ್ಳೆಯ ಆಯ್ಕೆ ಅಲ್ಲ. ಬದಲಿ ವ್ಯವಸ್ಥೆ ಆಗುವವರೆಗೆ ಕಾಂಡೋಮ್ ಇರಲಿ; ಮಾತ್ರೆ ಬಿಟ್ಟು ಸುಮ್ಮನಿರಬೇಡಿ. ಲೂಪಸ್ ಇನ್ನೂ ಕೆರಳಿರುವಾಗ ಗರ್ಭ ನಿಲ್ಲುವುದು ತಾಯಿಗೂ ಮಗುವಿಗೂ ಕಷ್ಟ.

ಇದೇ ಜಾಗದಲ್ಲಿ ಇನ್ನೊಂದು ಮಾತು. ಹಬ್ಬ, ಗೃಹಪ್ರವೇಶ, ದೇವಸ್ಥಾನದ ಪ್ರವಾಸ ಎಂದು ಮುಟ್ಟು ಮುಂದೂಡಲು ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ತಂದು ನುಂಗುವ ಮಾತ್ರೆ ಇದೆಯಲ್ಲ, ನೊರೆಥಿಸ್ಟೆರಾನ್, ಅದರ ಡೋಸ್ ದೊಡ್ಡದು. ಒಂದು ಪಾಲು ದೇಹದೊಳಗೆ ಈಸ್ಟ್ರೋಜನ್ ಆಗಿಯೇ ಬದಲಾಗುತ್ತದೆ. ಅತ್ತೆಯೋ ನಾದಿನಿಯೋ ‘ಎರಡು ದಿನ ತಗೋ, ಏನಾಗಲ್ಲ’ ಎಂದರೂ ನೀವು ತೆಗೆದುಕೊಳ್ಳಬೇಡಿ.

ಈಗ ರಿಪೋರ್ಟ್‌ಗೆ ಬರೋಣ. ಇಬ್ಬರು ವೈದ್ಯರು ಒಂದೇ ರಕ್ತದ ಬಗ್ಗೆ ತದ್ವಿರುದ್ಧ ಹೇಳಿದಂತೆ ನಿಮಗೆ ಅನ್ನಿಸಿದ್ದು ಸಹಜ. ಎರಡನೆಯವರ ಮಾತು ಸರಿ. ಮೊದಲನೆಯವರು ಯಂತ್ರ ತೋರಿಸಿದ್ದನ್ನು ಓದಿದರು, ಅದರ ಅರ್ಥ ಮಾತ್ರ ತಲೆಕೆಳಗಾಯಿತು.

ಎಪಿಟಿಟಿ ಎಂದರೆ ಗಾಜಿನ ಕೊಳವೆಯಲ್ಲಿ ನಿಮ್ಮ ಪ್ಲಾಸ್ಮಾ ಎಷ್ಟು ಸೆಕೆಂಡಿನಲ್ಲಿ ಹೆಪ್ಪುಗಟ್ಟುತ್ತದೆ ಎಂಬ ಅಳತೆ. ಹೆಪ್ಪುಗಟ್ಟಿಸುವ ಅಂಶಗಳು ಕೆಲಸ ಮಾಡಲು ಫಾಸ್ಫೋಲಿಪಿಡ್ ಎಂಬ ಕೊಬ್ಬಿನ ಪದರದ ಮೇಲೆ ಕೂರಬೇಕು. ಟೆಸ್ಟ್ ಮಾಡುವಾಗ ಲ್ಯಾಬಿನವರು ಅದನ್ನು ಸ್ವಲ್ಪವೇ ಸ್ವಲ್ಪ ಸೇರಿಸುತ್ತಾರೆ. ಲೂಪಸ್ ಇರುವ ಕೆಲವರ ರಕ್ತದಲ್ಲಿ ಆ ಫಾಸ್ಫೋಲಿಪಿಡ್‌ಗೆ ಅಂಟುವ ಪ್ರೋಟೀನ್‌ಗಳ ವಿರುದ್ಧ ಪ್ರತಿಕಾಯಗಳಿರುತ್ತವೆ. ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವವರಂತೆ ಅವು ಮೊದಲೇ ಜಾಗ ಹಿಡಿದುಬಿಡುತ್ತವೆ. ಹೆಪ್ಪುಗಟ್ಟಿಸುವ ಅಂಶಗಳಿಗೆ ಕೂರಲು ಜಾಗ ಸಿಗದೆ ಸಮಯ ಎಳೆಯುತ್ತದೆ. 35ರ ಬದಲು 54 ಬಂದದ್ದು ಹೀಗೆ. ದೇಹದೊಳಗೆ ಕಥೆಯೇ ಬೇರೆ. ಅಲ್ಲಿ ಇದೇ ಪ್ರತಿಕಾಯಗಳು ಬೀಟಾ-2 ಗ್ಲೈಕೊಪ್ರೋಟೀನ್ ಎಂಬ ಪ್ರೋಟೀನಿನ ಜೊತೆ ಸೇರಿ ರಕ್ತನಾಳದ ಒಳಪದರವನ್ನು, ಪ್ಲೇಟ್‌ಲೆಟ್‌ಗಳನ್ನು, ಬಿಳಿ ರಕ್ತಕಣಗಳನ್ನು ಕೆಣಕುತ್ತವೆ. ಅವೆಲ್ಲ ಎಚ್ಚೆತ್ತು ಹೆಪ್ಪು ಕಟ್ಟಲು ಸಜ್ಜಾಗುತ್ತವೆ. ಕೊಳವೆಯಲ್ಲಿ ನಿಧಾನ, ನಾಳದಲ್ಲಿ ಅವಸರ.

1952ರಲ್ಲಿ ಅಮೆರಿಕದ ಕಾನ್ಲಿ ಮತ್ತು ಹಾರ್ಟ್‌ಮನ್ ಇದನ್ನು ಲೂಪಸ್ ರೋಗಿಗಳಲ್ಲಿ ಮೊದಲು ಗುರುತಿಸಿದಾಗ ರಕ್ತಸ್ರಾವದ ತೊಂದರೆ ಎಂದೇ ಬಗೆದಿದ್ದರು. 1963ರ ಹೊತ್ತಿಗೆ ಇಂಥವರಲ್ಲಿ ಹೆಪ್ಪು ಕಟ್ಟುವುದನ್ನು ವೈದ್ಯರು ಕಂಡರು. ಅಷ್ಟಾದರೂ 1972ರಲ್ಲಿ ಅದಕ್ಕೆ ಅಂಟಿದ ಹೆಸರು ‘ಲೂಪಸ್ ಆಂಟಿಕೊಯಾಗ್ಯುಲೆಂಟ್’, ಅಂದರೆ ಹೆಪ್ಪು ತಡೆಯುವಂಥದ್ದು! 1983ರಲ್ಲಿ ಲಂಡನ್ನಿನ ಗ್ರಹಾಂ ಹ್ಯೂಸ್ ತಂಡ ಹೆಪ್ಪು, ಗರ್ಭಪಾತ, ಈ ಪ್ರತಿಕಾಯ ಮೂರನ್ನೂ ಒಂದೇ ಚಿತ್ರದಲ್ಲಿ ಕೂಡಿಸಿತು. ಹೆಸರು ಮಾತ್ರ ಹಾಗೇ ಉಳಿಯಿತು, ಇವತ್ತಿಗೂ ಆಪರೇಷನ್‌ಗಳನ್ನು ಮುಂದೂಡಿಸುತ್ತಿದೆ.

ಇದನ್ನು ಖಚಿತಪಡಿಸುವ ಪರೀಕ್ಷೆಯಲ್ಲಿ ನಮ್ಮ ಹೊಲಗದ್ದೆಯ ಒಂದು ಜೀವಿ ಬರುತ್ತದೆ ಎಂದರೆ ನಿಮಗೆ ಆಶ್ಚರ್ಯವಾದೀತು. ನಿಮ್ಮ ರಿಪೋರ್ಟ್‌ನಲ್ಲಿ ‘ಡಿಆರ್‌ವಿವಿಟಿ’ ಎಂದಿರಬೇಕು, ನೋಡಿ. ಅದರಲ್ಲಿ ಬಳಸುವುದು ಕೊಳಕುಮಂಡಲದ ವಿಷ. ಹದಿನೆಂಟನೇ ಶತಮಾನದಲ್ಲಿ ಕೋರಮಂಡಲ ತೀರದಲ್ಲಿ ಹಾವುಗಳನ್ನು ಅಭ್ಯಾಸ ಮಾಡಿದ ಪ್ಯಾಟ್ರಿಕ್ ರಸೆಲ್ ಎಂಬ ಸ್ಕಾಟಿಷ್ ವೈದ್ಯರ ಹೆಸರು ಆ ಹಾವಿಗೆ ಇಂಗ್ಲಿಷಿನಲ್ಲಿದೆ. ಕಚ್ಚಿದಾಗ ಆ ವಿಷ ರಕ್ತದ ಹತ್ತನೇ ಅಂಶವನ್ನು ನೇರವಾಗಿ ಎಬ್ಬಿಸಿ, ಹೆಪ್ಪುಗಟ್ಟಿಸುವ ಸಾಮಗ್ರಿಯನ್ನೆಲ್ಲ ಖರ್ಚು ಮಾಡಿಸಿ, ಕೊನೆಗೆ ಒಸಡಿನಿಂದಲೂ ರಕ್ತ ಒಸರುವಂತೆ ಮಾಡುತ್ತದೆ. ಲ್ಯಾಬಿನಲ್ಲಿ ಅದನ್ನೇ ತೀರಾ ತೆಳುವಾಗಿಸಿ ನಿಮ್ಮ ಪ್ಲಾಸ್ಮಾಕ್ಕೆ ಹಾಕುತ್ತಾರೆ. ಸಮಯ ಎಳೆದರೆ ಆರೋಗ್ಯವಂತರ ಪ್ಲಾಸ್ಮಾ ಬೆರೆಸಿ ನೋಡುತ್ತಾರೆ. ಯಾವುದೋ ಅಂಶದ ಕೊರತೆ ಇದ್ದರೆ ಬೆರೆಸಿದಾಗ ಸರಿಹೋಗುತ್ತದೆ. ಪ್ರತಿಕಾಯ ಇದ್ದರೆ ಹೋಗುವುದಿಲ್ಲ. ಕೊನೆಗೆ ಧಾರಾಳವಾಗಿ ಫಾಸ್ಫೋಲಿಪಿಡ್ ಸುರಿದಾಗ ಸಮಯ ಇಳಿದರೆ, ಅಡ್ಡಿಯಾಗಿದ್ದದ್ದು ಇದೇ ಎಂದು ತೀರ್ಮಾನ.

ಆದ್ದರಿಂದ ಪಿತ್ತಕೋಶದ ಆಪರೇಷನ್ ವಿಚಾರದಲ್ಲಿ ನಿಮ್ಮ ಸರ್ಜನ್‌ಗೆ ಈ ರಿಪೋರ್ಟ್ ತೋರಿಸಿ. ಎಪಿಟಿಟಿ ಸರಿಪಡಿಸಲೆಂದು ಪ್ಲಾಸ್ಮಾ ಏರಿಸುವುದರಿಂದ ಉಪಯೋಗವಿಲ್ಲ. ನಿಮಗೆ ಆಪರೇಷನ್ ಸಮಯದಲ್ಲಿ ರಕ್ತ ನಿಲ್ಲದಿರುವುದಕ್ಕಿಂತ ಆಮೇಲೆ ಮಲಗಿದಲ್ಲೇ ಕಾಲಿನಲ್ಲಿ ಹೆಪ್ಪು ಕಟ್ಟುವ ಭಯ ಹೆಚ್ಚು. ಆಪರೇಷನ್ ಮುಗಿದ ಮೇಲೆ ಹೆಪ್ಪು ತಡೆಯುವ ಹೆಪಾರಿನ್ ಚುಚ್ಚುಮದ್ದು, ಬಿಗಿ ಸ್ಟಾಕಿಂಗ್ಸ್, ಬೇಗ ಎದ್ದು ನಡೆಯುವುದು, ಇವನ್ನು ಮೊದಲೇ ಯೋಜಿಸಬೇಕು. ಒಂದು ಅಪವಾದ ಇದೆ: ಅಪರೂಪಕ್ಕೆ ಈ ಪ್ರತಿಕಾಯದ ಜೊತೆ ಪ್ರೋಥ್ರಾಂಬಿನ್ ಎಂಬ ಹೆಪ್ಪುಗಟ್ಟಿಸುವ ಅಂಶ ಕೂಡ ಕುಸಿದು ನಿಜವಾಗಿಯೂ ರಕ್ತಸ್ರಾವ ಆಗುವುದುಂಟು. ಆಗ ಪಿಟಿ ಸಹ ಎಳೆಯುತ್ತದೆ. ನಿಮ್ಮದು ನಾರ್ಮಲ್ ಇದೆ. ಹಲ್ಲು ಕೀಳಿಸಿದಾಗ, ಮುಟ್ಟಿನಲ್ಲಿ ವಿಪರೀತ ರಕ್ತ ಹೋದದ್ದಿಲ್ಲ ಎಂದಾದರೆ ಆ ಚಿಂತೆ ಬಿಡಿ.

ವಿಡಿಆರ್‌ಎಲ್ ಬಗ್ಗೆ ಕೇಳಿದ್ದೀರಿ. ಸಂಬಂಧ ಇದೆ, ನೇರವಾಗಿಯೇ ಇದೆ. ಸಿಫಿಲಿಸ್ ಎಂಬ ಲೈಂಗಿಕ ರೋಗದ ಪತ್ತೆಗೆ ಮಾಡುವ ಆ ಪರೀಕ್ಷೆಯ ಮುಖ್ಯ ಸಾಮಗ್ರಿ ಕಾರ್ಡಿಯೋಲಿಪಿನ್. 1941ರಲ್ಲಿ ದನದ ಹೃದಯದಿಂದ ಬೇರ್ಪಡಿಸಿದ ಒಂದು ಫಾಸ್ಫೋಲಿಪಿಡ್. ನಿಮ್ಮ ಪ್ರತಿಕಾಯಗಳು ಅದಕ್ಕೂ ಅಂಟುತ್ತವೆ, ಸಿಫಿಲಿಸ್ ಇಲ್ಲದಿದ್ದರೂ ಪಾಸಿಟಿವ್ ತೋರಿಸುತ್ತವೆ. ಲೂಪಸ್‌ನಲ್ಲಿ ಇದು ಎಷ್ಟು ಸಾಮಾನ್ಯ ಎಂದರೆ ಸುಳ್ಳು ಪಾಸಿಟಿವ್ ಬರುವುದನ್ನೇ ರೋಗದ ಒಂದು ಗುರುತಾಗಿ ದಶಕಗಳ ಕಾಲ ಮಾನದಂಡದಲ್ಲಿ ಸೇರಿಸಿದ್ದರು. ಟಿಪಿಎಚ್‌ಎ ಎಂಬ, ಸಿಫಿಲಿಸ್ ಖಚಿತಪಡಿಸುವ ಇನ್ನೊಂದು ಪರೀಕ್ಷೆ ಆಗ ಮಾಡಿಸಿದ್ದೀರೋ ಇಲ್ಲವೋ ಬರೆದಿಲ್ಲ. ಮಾಡಿಸಿರದಿದ್ದರೆ ಈಗ ಮಾಡಿಸಿ. ಅದು ನೆಗೆಟಿವ್ ಬಂದರೆ ಆ ರಿಪೋರ್ಟನ್ನು ರಂಪ ಮಾಡಿದವರ ಮುಂದೆ ಧೈರ್ಯವಾಗಿ ಇಡಿ. ಗರ್ಭಿಣಿಯರಿಗೆಲ್ಲ ಮಾಡುವ ಈ ವಿಡಿಆರ್‌ಎಲ್‌ನಿಂದ ಎಷ್ಟು ಹೆಣ್ಣುಮಕ್ಕಳು ಸುಮ್ಮಸುಮ್ಮನೆ ಮಾತು ಕೇಳಿಸಿಕೊಂಡಿದ್ದಾರೋ. ಪಾಸಿಟಿವ್ ಎಂದು ಹೇಳುವ ಬಾಯಿ ‘ಇದು ಖಚಿತ ಅಲ್ಲ, ಇನ್ನೊಂದು ಟೆಸ್ಟ್ ಬೇಕು’ ಎಂದೂ ಹೇಳಬೇಡವೇ?

ಪ್ಯಾಕೇಜಿನ ಉಳಿದ ಸಾಲುಗಳಲ್ಲಿ ಹೆಚ್ಚಿನವು ನಿಮ್ಮ ನಿದ್ದೆ ಕೆಡಿಸುವಷ್ಟು ಬೆಲೆಯವಲ್ಲ. ಡಿ-ಡೈಮರ್ ಎಂದರೆ ಹೆಪ್ಪು ಕರಗಿದಾಗ ರಕ್ತಕ್ಕೆ ಬರುವ ಚೂರು; ಅದು ಲೂಪಸ್ ಕೆರಳಿದಾಗ, ಜ್ವರ ಬಂದಾಗ, ಗರ್ಭಿಣಿಯರಲ್ಲಿ ಏರುತ್ತದೆ. ಕಾಲು ಊದಿದ್ದಾಗಲೋ ಉಸಿರು ಕಟ್ಟಿದ್ದಾಗಲೋ ಅದು ನಾರ್ಮಲ್ ಬಂದರೆ ಹೆಪ್ಪು ಇರಲಾರದು ಎನ್ನಲು ನೆರವಾಗುತ್ತದೆ. ಏನೂ ತೊಂದರೆ ಇಲ್ಲದವರಲ್ಲಿ ಸ್ವಲ್ಪ ಜಾಸ್ತಿ ಇದೆ ಎಂದು ಔಷಧಿ ಶುರು ಮಾಡುವುದು ಸರಿಯಲ್ಲ. ಹೆಪ್ಪನ್ನು ತಡೆಯುವ ಪ್ರೋಟೀನ್ ಎಸ್ ಕಡಿಮೆ ಬಂದದ್ದಕ್ಕೆ ಕಾರಣ ಬಹುಶಃ ನಿಮ್ಮ ಮಾಲಾ-ಡಿಯೇ. ಈಸ್ಟ್ರೋಜನ್ ಅದನ್ನು ಇಳಿಸುತ್ತದೆ. ಮಾತ್ರೆ ನಿಂತು ಕೆಲವು ತಿಂಗಳಾದ ಮೇಲೆ ಬೇಕಿದ್ದರೆ ನೋಡಬಹುದು. ಹೋಮೋಸಿಸ್ಟೀನ್ 22 ಎಂದರೆ ಮೊದಲು ಬಿ-12 ಪರೀಕ್ಷಿಸಿ. ನೀವು ಸಸ್ಯಾಹಾರಿಯಾಗಿದ್ದರೆ ಉತ್ತರ ಅಲ್ಲೇ ಸಿಗುವ ಸಾಧ್ಯತೆ ಹೆಚ್ಚು. ಬಿ-12 ಕೊರತೆ ತುಂಬಿಕೊಳ್ಳುವುದು ನರಗಳಿಗೆ, ರಕ್ತಕ್ಕೆ ಒಳ್ಳೆಯದೇ, ಆದರೆ ಹೋಮೋಸಿಸ್ಟೀನ್ ಇಳಿಸಿದ ಮಾತ್ರಕ್ಕೆ ರಕ್ತನಾಳದ ಹೆಪ್ಪು ತಪ್ಪುತ್ತದೆ ಎಂದು ಪ್ರಯೋಗಗಳಲ್ಲಿ ಕಂಡಿಲ್ಲ. ಪ್ಲೇಟ್‌ಲೆಟ್ 1.18 ಲಕ್ಷ ಸ್ವಲ್ಪ ಕಡಿಮೆ. ಈ ಪ್ರತಿಕಾಯ ಇರುವವರಲ್ಲಿ ಹೀಗಾಗುವುದು ಸಾಮಾನ್ಯ. ಕಡಿಮೆ ಇದೆಯಲ್ಲ, ಹಾಗಾದರೆ ಹೆಪ್ಪುಗಟ್ಟುವುದಿಲ್ಲ ಎಂದು ಸಮಾಧಾನ ಮಾತ್ರ ಬೇಡ.

ನಿಜವಾಗಿ ಲೆಕ್ಕಕ್ಕೆ ಬರುವುದು ಮೂರು: ಲೂಪಸ್ ಆಂಟಿಕೊಯಾಗ್ಯುಲೆಂಟ್, ಆಂಟಿಕಾರ್ಡಿಯೋಲಿಪಿನ್, ಬೀಟಾ-2. ಲೂಪಸ್ ಇರುವವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಇವುಗಳಲ್ಲಿ ಒಂದಾದರೂ ಇರುತ್ತದೆ, ಅವರಲ್ಲಿ ಬಹಳ ಜನಕ್ಕೆ ಹೆಪ್ಪು ಕಟ್ಟುವುದೇ ಇಲ್ಲ. ಮೂರರಲ್ಲಿ ಅಪಾಯದ ಜೊತೆ ಗಟ್ಟಿಯಾಗಿ ಕಟ್ಟಿಕೊಂಡಿರುವುದು ಮೊದಲನೆಯದು. ಉಳಿದೆರಡರಲ್ಲಿ ಐಜಿಜಿ, ಐಜಿಎಂ ಎಂಬ ಎರಡು ಬಗೆಯ ಪ್ರತಿಕಾಯ ಅಳೆಯುತ್ತಾರೆ; ಐಜಿಜಿಗೆ ಇರುವ ತೂಕ ಐಜಿಎಂಗೆ ಇಲ್ಲ; ನಿಮ್ಮ ಐಜಿಎಂ 18ನ್ನು ಮರೆತುಬಿಡಿ. ಐಜಿಜಿ 40ರಿಂದ 79 ಮಧ್ಯಮ, 80 ಮತ್ತು ಮೇಲೆ ಜಾಸ್ತಿ ಎಂದು 2023ರ ಅಂತರರಾಷ್ಟ್ರೀಯ ಮಾನದಂಡ ಹೇಳುತ್ತದೆ. ನಿಮ್ಮ ಎರಡೂ ಮಧ್ಯಮದಲ್ಲಿವೆ. ಮೂರೂ ಪಾಸಿಟಿವ್ ಆಗಿರುವುದಕ್ಕೆ ನಾವು ‘ಟ್ರಿಪಲ್ ಪಾಸಿಟಿವ್’ ಎನ್ನುತ್ತೇವೆ. ಹಿಂದೆ ಹೆಪ್ಪು ಕಟ್ಟಿರದ 104 ಟ್ರಿಪಲ್ ಪಾಸಿಟಿವ್ ಜನರನ್ನು ಇಟಲಿಯ ವೈದ್ಯರು ವರ್ಷಗಟ್ಟಲೆ ಗಮನಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವರ್ಷಕ್ಕೆ ನೂರರಲ್ಲಿ ಸುಮಾರು 5 ಮಂದಿಗೆ ಹೆಪ್ಪು ಕಟ್ಟಿತು. ಒಂದೇ ಪಾಸಿಟಿವ್ ಇರುವವರಲ್ಲಿ ಇದು ಶೇ. 1ರ ಆಸುಪಾಸು. ನೂರರಲ್ಲಿ 5 ಕಡೆಗಣಿಸುವ ಸಂಖ್ಯೆ ಅಲ್ಲ. ಉಳಿದ 95 ಜನಕ್ಕೆ ಆ ವರ್ಷ ಏನೂ ಆಗಲಿಲ್ಲ ಎನ್ನುವುದೂ ಅದರೊಳಗೇ ಇದೆ.

ಆದರೆ ಈ ಹಣೆಪಟ್ಟಿ ನಿಮಗೆ ಇನ್ನೂ ಅಂಟಿಲ್ಲ. ಯಾವುದೋ ಸೋಂಕಿನ ಬೆನ್ನಿಗೆ ಈ ಪ್ರತಿಕಾಯಗಳು ಬಂದು ಹೋಗುವುದುಂಟು. ಕನಿಷ್ಠ 12 ವಾರ ಬಿಟ್ಟು ಮತ್ತೆ ಮಾಡಿಸಿದಾಗಲೂ ಇದ್ದರೆ ಮಾತ್ರ ಅದು ಗಟ್ಟಿ.

ನಿಮ್ಮ ಪತ್ರದಲ್ಲಿ ಎಲ್ಲೂ ಕಾಣದ ಒಂದು ರಿಪೋರ್ಟ್ ನನಗೆ ಬೇಕಿತ್ತು: ಮೂತ್ರದ್ದು. ಲೂಪಸ್ ಕಿಡ್ನಿಗೆ ತಗುಲಿ ಮೂತ್ರದಲ್ಲಿ ಪ್ರೋಟೀನ್ ಸೋರತೊಡಗಿದರೆ, ಹೆಪ್ಪನ್ನು ಹದ್ದಿನಲ್ಲಿಡುವ ಆಂಟಿಥ್ರಾಂಬಿನ್ ಕೂಡ ಅದರ ಜೊತೆ ಹೋಗಿಬಿಡುತ್ತದೆ. ರಕ್ತದ ಆಲ್ಬುಮಿನ್ 2.5ರ ಕೆಳಗೆ ಇಳಿದವರಲ್ಲಿ ಈ ಮೂರು ಪ್ರತಿಕಾಯ ಇಲ್ಲದಿದ್ದರೂ ಹೆಪ್ಪಿನ ಭಯ ಇರುತ್ತದೆ. ಕಿಡ್ನಿಯ ರಕ್ತನಾಳದಲ್ಲೇ ಕಟ್ಟಬಹುದು. ಒಂದು ಮೂತ್ರ ಪರೀಕ್ಷೆ, ಜೊತೆಗೆ ಪ್ರೋಟೀನ್-ಕ್ರಿಯಾಟಿನಿನ್ ಅನುಪಾತ ಮಾಡಿಸಿ. ಪ್ಯಾಕೇಜಿಗೆ ಸುರಿದ ದುಡ್ಡಿನ ಮುಂದೆ ಇದು ಏನೂ ಅಲ್ಲ, ಹೇಳುವುದು ಬಹಳ. ಬಿಪಿ, ಕೊಲೆಸ್ಟ್ರಾಲ್ ಸಹ ನೋಡಿಸಿ. ಪ್ರತಿಕಾಯ ನೆಲ ಹದ ಮಾಡಿಟ್ಟರೂ ಹೆಪ್ಪು ಕಟ್ಟಲು ಸಾಮಾನ್ಯವಾಗಿ ಇನ್ನೊಂದು ಪೆಟ್ಟು ಬೇಕು: ಸೋಂಕು, ಆಪರೇಷನ್, ಹೆರಿಗೆ, ಸಿಗರೇಟು, ಈಸ್ಟ್ರೋಜನ್. ಪ್ರತಿಕಾಯವನ್ನು ನೀವು ತೆಗೆದುಹಾಕಲಾರಿರಿ, ಇವುಗಳಲ್ಲಿ ಹೆಚ್ಚಿನವು ನಿಮ್ಮ ಕೈಯಲ್ಲಿವೆ.

ಇನ್ನು ರಕ್ತ ತೆಳುವಾಗಿಸುವ ಮಾತ್ರೆಯ ವಿಷಯ. ನಿಮಗೆ ಇಲ್ಲಿಯವರೆಗೆ ಹೆಪ್ಪು ಕಟ್ಟಿಲ್ಲ. ಹಾಗಾಗಿ ವಾರ್ಫರಿನ್, ಅಸಿಟ್ರೋಮ್‌ನಂಥವು ಈಗ ಬೇಡ. ಲೂಪಸ್ ಜೊತೆ ಹೆಚ್ಚಿನ ಅಪಾಯದ ಪ್ರತಿಕಾಯ ಇರುವವರಿಗೆ ಯುರೋಪಿನ ತಜ್ಞರ 2019ರ ಮಾರ್ಗಸೂಚಿ ಹೇಳುವುದು ದಿನಕ್ಕೆ 75ರಿಂದ 100 ಮಿ.ಗ್ರಾಂ. ಆಸ್ಪಿರಿನ್, ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಇಕೋಸ್ಪ್ರಿನ್ 75. ಇದರ ಹಿಂದೆ ಬಂಡೆಯಂಥ ಪುರಾವೆ ಇದೆ ಎಂದು ನಾನು ಹೇಳುವುದಿಲ್ಲ. ಆದರೂ ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದಾಗ ಲೂಪಸ್ ಇರುವವರಿಗೆ ಲಾಭ ಕಂಡಿದೆ. ನಿಮ್ಮ ಪ್ಲೇಟ್‌ಲೆಟ್ ಮಟ್ಟಕ್ಕೆ ಅದು ಅಡ್ಡಿಯಲ್ಲ. ನಿಮ್ಮ ವೈದ್ಯರು ಎರಡನೇ ಪರೀಕ್ಷೆಗೆ ಕಾಯದೆ ಶುರು ಮಾಡಿದರೂ ನಾನು ತಪ್ಪೆನ್ನಲಾರೆ, ಆದರೆ ಅವರೇ ಬರೆಯಲಿ. ಹೊಟ್ಟೆ ಹುಣ್ಣಿನ ಇತಿಹಾಸ, ಆಪರೇಷನ್ ದಿನಾಂಕ ಎರಡನ್ನೂ ನೋಡಿ ನಿರ್ಧರಿಸಬೇಕು. ಮಳೆಗಾಲದಲ್ಲಿ ಜ್ವರ ಬಂದರೆ ಡೆಂಗಿ ಅಲ್ಲವೆಂದು ತಿಳಿಯುವವರೆಗೆ ಆಸ್ಪಿರಿನ್ ಮುಂದುವರಿಸಬೇಕೋ ಬೇಡವೋ ಎಂದು ಅದೇ ದಿನ ಫೋನ್ ಮಾಡಿ ಕೇಳಿ.

ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರ ಯಾವ ಕಾರಣಕ್ಕೂ ನಿಲ್ಲಿಸಬೇಡಿ. ಅದು ಮೈಮೇಲಿನ ಕಲೆಗೆ, ಕೀಲುನೋವಿಗೆ ಅಷ್ಟೇ ಎಂದು ಬಹಳ ಜನ ತಿಳಿದಿದ್ದಾರೆ. ಲೂಪಸ್‌ನಲ್ಲಿ ಹೆಪ್ಪು ಕಟ್ಟುವುದನ್ನೂ ಅದು ಕಡಿಮೆ ಮಾಡುತ್ತದೆ. ಕೆ.ಜಿ.ಗೆ 5 ಮಿ.ಗ್ರಾಂ. ಎಂಬ ಮಿತಿಯಲ್ಲಿ ನಿಮ್ಮ ತೂಕಕ್ಕೆ 290ರವರೆಗೆ ಅವಕಾಶ ಇದೆ, ಹಾಗಾಗಿ 200 ಸಾಕೇ ಎಂದು ವೈದ್ಯರನ್ನು ಕೇಳಬಹುದು. ಕಣ್ಣಿನ ಪರೀಕ್ಷೆ ಶುರುವಿನಲ್ಲಿ ಒಮ್ಮೆ, ಐದು ವರ್ಷದ ನಂತರ ಪ್ರತಿ ವರ್ಷ.

ಮುಂದೆ ಎಂದಾದರೂ ಹೆಪ್ಪು ಕಟ್ಟಿಯೇಬಿಟ್ಟರೆ ಒಂದು ವಿಷಯ ನೆನಪಿರಲಿ. ‘ಐಎನ್‌ಆರ್ (ವಾರ್ಫರಿನ್ ಎಷ್ಟು ಕೆಲಸ ಮಾಡುತ್ತಿದೆ ಎಂದು ಅಳೆಯುವ) ಪರೀಕ್ಷೆ ಬೇಡ, ಸೊಪ್ಪಿನ ಪಥ್ಯವೂ ಬೇಡ’ ಎಂದು ರಿವರಾಕ್ಸಬಾನ್‌ನಂಥ ಹೊಸ ಮಾತ್ರೆಯನ್ನು ಬರೆದುಕೊಡುವುದು ಈಗ ರೂಢಿ. ಟ್ರಿಪಲ್ ಪಾಸಿಟಿವ್ ಇರುವವರಲ್ಲಿ ಅದು ಸಲ್ಲದು. ಇಟಲಿಯಲ್ಲಿ 120 ಜನರ ಮೇಲೆ ಅದನ್ನು ವಾರ್ಫರಿನ್ ಜೊತೆ ಹೋಲಿಸಿದ ಪ್ರಯೋಗವನ್ನು ಅವಧಿಗೆ ಮುಂಚೆಯೇ ನಿಲ್ಲಿಸಬೇಕಾಯಿತು. ಹೊಸ ಮಾತ್ರೆಯ ಗುಂಪಿನಲ್ಲಿ ಪಾರ್ಶ್ವವಾಯು, ಹೃದಯಾಘಾತ ಹೆಚ್ಚಾದವು. ಅಂದಹಾಗೆ ವಾರ್ಫರಿನ್ ತೆಗೆದುಕೊಳ್ಳುವವರಿಗೂ ಸೊಪ್ಪು ವರ್ಜ್ಯ ಅಲ್ಲ. ಬಸ್ಸಾರು ವಾರಕ್ಕೆ ಎರಡು ಸಲ ಮಾಡುವ ಮನೆಯಾದರೆ ಎರಡೇ ಸಲ ಮಾಡಿ; ಒಂದು ವಾರ ಪೂರ್ತಿ ಬಿಟ್ಟು ಮರುವಾರ ದಿನವೂ ತಿನ್ನುವುದು ಐಎನ್‌ಆರ್ ಕೆಡಿಸುತ್ತದೆ.

ಮಗುವಿನ ಬಗ್ಗೆ: ಆಗುತ್ತದೆ. ಈ ಪ್ರತಿಕಾಯ ಇರುವ ಎಷ್ಟೋ ಹೆಂಗಸರು ಆರೋಗ್ಯವಂತ ಮಕ್ಕಳನ್ನು ಹೆತ್ತಿದ್ದಾರೆ. ಗರ್ಭಪಾತ, ಏಳೆಂಟನೇ ತಿಂಗಳಲ್ಲಿ ಬಿಪಿ ಏರುವುದು, ಮಗು ಬೆಳೆಯದಿರುವುದು ಇವರಲ್ಲಿ ಹೆಚ್ಚು ಎನ್ನುವುದು ನಿಜ, ಆದ್ದರಿಂದ ಆಕಸ್ಮಿಕಕ್ಕೆ ಬಿಡದೆ ಯೋಜಿಸಬೇಕು. ಲೂಪಸ್ ಕನಿಷ್ಠ ಆರು ತಿಂಗಳು ತಣ್ಣಗಿರಲಿ. ಆಂಟಿ-ರೋ, ಆಂಟಿ-ಲಾ ಪರೀಕ್ಷೆ ಮುಂಚೆಯೇ ಆಗಿರಲಿ, ಮಗುವಿನ ಹೃದಯ ಬಡಿತಕ್ಕೆ ಸಂಬಂಧಿಸಿದ್ದು ಅದು. ಗರ್ಭ ನಿಂತ ಮೇಲೆ ಆಸ್ಪಿರಿನ್, ಹೈಡ್ರಾಕ್ಸಿಕ್ಲೋರೋಕ್ವಿನ್ ಎರಡೂ ಮುಂದುವರಿಯುತ್ತವೆ. ಹೆಪಾರಿನ್ ಬೇಕೇ ಎನ್ನುವುದು ಎರಡನೇ ಪರೀಕ್ಷೆಯ ಮೇಲೆ ನಿಂತಿದೆ. ಹೆರಿಗೆಯಾದ ಮೇಲಿನ ಆರು ವಾರ ಗರ್ಭದ ಒಂಬತ್ತು ತಿಂಗಳಿಗಿಂತ ಹೆಚ್ಚು ಎಚ್ಚರ ಬೇಡುತ್ತದೆ. ಬಾಣಂತಿ ಮಂಚ ಬಿಟ್ಟು ಏಳಬಾರದು, ನೀರು ಜಾಸ್ತಿ ಕುಡಿಯಬಾರದು ಎನ್ನುವ ಮನೆಗಳು ಇನ್ನೂ ಇವೆ. ನಿಮ್ಮಮ್ಮನಿಗೆ, ಅತ್ತೆಗೆ ಈಗಿನಿಂದಲೇ ಹೇಳಿಡಿ: ಈ ಬಾಣಂತಿ ಮರುದಿನವೇ ಓಡಾಡಬೇಕು, ಬಾಯಾರಿದಾಗೆಲ್ಲ ನೀರು ಕುಡಿಯಬೇಕು. ಖಾರದ ಪುಡಿ, ಬೆಳ್ಳುಳ್ಳಿ ಅವರ ಇಷ್ಟದಂತೆ ಇರಲಿ.

ಒಂದೇ ಕಾಲು ಊದಿ ಮೀನಖಂಡ ನೋಯುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಒಂದು ಕಣ್ಣು ಮಂಜಾಗುವುದು ಕಂಡರೆ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ, ನೇರ ತುರ್ತು ಚಿಕಿತ್ಸೆಗೆ ಹೋಗಿ. ಹೋದ ಕೂಡಲೇ ‘ಲೂಪಸ್ ಇದೆ, ಲೂಪಸ್ ಆಂಟಿಕೊಯಾಗ್ಯುಲೆಂಟ್ ಪಾಸಿಟಿವ್’ ಎಂದು ಹೇಳಿ; ಫೋನಿನಲ್ಲಿ ರಿಪೋರ್ಟ್‌ನ ಫೋಟೋ ಇರಲಿ.

ಎರಡನೇ ಪರೀಕ್ಷೆಯನ್ನು ಸಾಧ್ಯವಾದರೆ ಅದೇ ಲ್ಯಾಬಿನಲ್ಲಿ ಮಾಡಿಸಿ, ಒಂದು ಲ್ಯಾಬಿನ ಸಂಖ್ಯೆ ಇನ್ನೊಂದರದ್ದಕ್ಕೆ ಹೊಂದುವುದಿಲ್ಲ. ಮೂರೂ ಒಂದೇ ದಿನದ ರಕ್ತದಲ್ಲಿ ಆಗಲಿ. ಹೆಪಾರಿನ್, ವಾರ್ಫರಿನ್, ರಿವರಾಕ್ಸಬಾನ್ ದೇಹದಲ್ಲಿದ್ದರೆ ಲೂಪಸ್ ಆಂಟಿಕೊಯಾಗ್ಯುಲೆಂಟ್ ಪರೀಕ್ಷೆ ದಾರಿ ತಪ್ಪಿಸುತ್ತದೆ, ಆದ್ದರಿಂದ ಅಷ್ಟರೊಳಗೆ ಆಪರೇಷನ್ ಆಗಿ ಹೆಪಾರಿನ್ ಕೊಟ್ಟಿದ್ದರೆ ರಕ್ತ ತೆಗೆಯುವವರಿಗೆ ಮೊದಲೇ ತಿಳಿಸಿ. ಆಸ್ಪಿರಿನ್ ನಿಲ್ಲಿಸುವ ಅಗತ್ಯವಿಲ್ಲ. ಆ ವಾರ ಜ್ವರವೋ ಸೋಂಕೋ ಇದ್ದರೆ, ಉರಿಯೂತ ತೋರಿಸುವ ಸಿಆರ್‌ಪಿ ಏರಿದ್ದರೆ, ಕೆಲವು ವಾರ ಮುಂದಕ್ಕೆ ಹಾಕಿ. ತಡವಾದರೆ ತೊಂದರೆ ಇಲ್ಲ, 12 ವಾರಕ್ಕಿಂತ ಮುಂಚೆ ಆಗಬಾರದು ಅಷ್ಟೆ.